ಬಿಸಿನೀರಿನ ಬಟ್ಟಲು

ಮಂಗಳವಾರ ಬೆಳಿಗ್ಗೆ ಠಾಣೆಗೆ ಬಂದ ವೃದ್ಧೆಯ ದೂರು ಚಿಕ್ಕದಾಗಿತ್ತು. ಮನೆಗೆ ಬರುವ ನರ್ಸು ತನ್ನ ತಮ್ಮನಿಗೆ ಇನ್ಸುಲಿನ್ ಹೆಚ್ಚಾಗಿ ಚುಚ್ಚಿದ್ದಾಳೆ. ಅವನು ಆಸ್ಪತ್ರೆಯಲ್ಲಿ ಎಚ್ಚರವಿಲ್ಲದೆ ಮಲಗಿದ್ದಾನೆ. ಇನ್ಸ್‌ಪೆಕ್ಟರ್ ಎಫ್‌ಐಆರ್ ದಾಖಲಿಸಿದರು. ಅವನು ಉಳಿಯದಿದ್ದರೆ ಅದು ಕೊಲೆ ಪ್ರಕರಣವಾಗುತ್ತಿತ್ತು.

ನರ್ಸನ್ನು ಮನೆಯಲ್ಲಿ ರೋಗಿ ಮಲಗುತ್ತಿದ್ದ ಕೋಣೆಯಲ್ಲೇ ವಿಚಾರಿಸಿದರು.

"ಸಕ್ಕರೆ ಎಷ್ಟು ತೋರಿಸ್ತು?"

"ಮುನ್ನೂರ ಎಂಬತ್ತು, ಮೇಡಂ. ಡಾಕ್ಟರ್ ಹೇಳಿದ ಲೆಕ್ಕದಲ್ಲೇ ಇನ್ಸುಲಿನ್ ಕೊಟ್ಟೆ."

"ಆಸ್ಪತ್ರೆಯಲ್ಲಿ ಇಪ್ಪತ್ತೆಂಟು ಬಂದಿದೆ."

ನರ್ಸು ಸಕ್ಕರೆ ಅಳೆಯುವ ಮೀಟರನ್ನು ತೆಗೆದುಕೊಟ್ಟಳು. ಮೀಟರಿನ ಮೆಮೊರಿಯಲ್ಲಿ ಮುನ್ನೂರ ಎಂಬತ್ತೇ ಇತ್ತು. ಪ್ರಯೋಗಾಲಯದವರು ಪರೀಕ್ಷಾ ದ್ರಾವಣ ಹಾಕಿ ನೋಡಿ, ಮೀಟರೂ ರಕ್ತದ ಹನಿ ಹಾಕುವ ಪಟ್ಟಿಗಳೂ ಸರಿಯಾಗಿವೆ ಎಂದರು. ಹಾಗಾದರೆ ಇವಳು ಬೇರೆ ಯಾರದೋ ರಕ್ತ ಹಾಕಿರಬೇಕು ಎಂದ ಕಾನ್‌ಸ್ಟೇಬಲ್.

ಇನ್ಸ್‌ಪೆಕ್ಟರ್ ದಿನವೂ ಮಾಡುವುದನ್ನು ಮಾಡಿ ತೋರಿಸಲು ಹೇಳಿದರು. ಯಜಮಾನರ ಬೆರಳು ಸದಾ ತಣ್ಣಗಿರುತ್ತದೆ, ರಕ್ತ ಬರುವುದಿಲ್ಲ. ಅದಕ್ಕೇ ಬಿಸಿನೀರಲ್ಲಿ ಅದ್ದಿ, ಬಟ್ಟೆಯಲ್ಲಿ ಒತ್ತಿ, ಆಮೇಲೆ ಚುಚ್ಚುತ್ತೇನೆ ಎಂದು ನರ್ಸು ವಿವರಿಸಿದಳು. ಮಂಚದ ತಲೆದೆಸೆಯಲ್ಲಿದ್ದ ಆ ಬಟ್ಟೆಗೆ ಕೈಹಾಕಿದವಳು ಹಿಂದೆಗೆದಳು. ಮಡಿಕೆಗಳೊಳಗೆ ಇರುವೆಗಳು ದಿಬ್ಬಣ ಹೊರಟಿದ್ದವು.

ಪಂಚನಾಮೆ ಬರೆದು ಬಟ್ಟೆಯನ್ನು ವಶಪಡಿಸಿಕೊಂಡರು. ಅದರಲ್ಲಿ ಗ್ಲೂಕೋಸ್ ಸಿಕ್ಕಿತು. ಪಟ್ಟಿಗೆ ಸವರಿದ ಕಿಣ್ವ ಸಕ್ಕರೆಯಿಂದ ಸಣ್ಣ ವಿದ್ಯುತ್ತು ಹೊರಡಿಸುತ್ತದೆ, ಮೀಟರು ಅದನ್ನು ಅಳೆಯುತ್ತದೆ ಎಂದರು ಪ್ರಯೋಗಾಲಯದವರು. "ಸಕ್ಕರೆ ರಕ್ತದ್ದೋ ಬೆರಳಿಗೆ ಅಂಟಿದ್ದೋ, ಅದಕ್ಕೇನು ಗೊತ್ತು?"

ಕಾನ್‌ಸ್ಟೇಬಲ್‌ನ ಕೈಯಲ್ಲೇ ಪರೀಕ್ಷೆ ನಡೆಯಿತು. ತೊಳೆದ ಬೆರಳಿಗೆ ನೂರಾನಾಲ್ಕು. ಗ್ಲೂಕೋಸ್ ನೀರಲ್ಲಿ ಅದ್ದಿ ಒರೆಸಿದ ಬೆರಳಿಗೆ ನಾನೂರು ದಾಟಿತು.

"ಈ ಬೆರಳಿನ ಸುದ್ದಿ ನಮ್ಮನೆಯವಳಿಗೆ ಹೇಳ್ಬೇಡಿ ಮೇಡಂ, ನಾಳೆಯಿಂದ ಟೀಗೆ ಸಕ್ಕರೆ ಬಂದ್."

ಇನ್ಸ್‌ಪೆಕ್ಟರ್ ನಗಲಿಲ್ಲ. ನರ್ಸಿನ ಕಡೆ ತಿರುಗಿದರು. "ನೀರು ಕಾಯಿಸೋದು ಯಾರು?"

"ದೊಡ್ಡಮ್ಮನೇ, ಯಜಮಾನರ ಅಕ್ಕ. ನನ್ನನ್ನ ಅಡುಗೆಮನೆಗೇ ಸೇರಿಸಲ್ಲ."

ಅಡುಗೆಮನೆಯಲ್ಲಿ ಗ್ಲೂಕೋಸ್ ಪುಡಿಯ ಡಬ್ಬಿ ಮುಕ್ಕಾಲು ಖಾಲಿಯಾಗಿತ್ತು. ದೂರು ಕೊಟ್ಟ ವೃದ್ಧೆ ಅದನ್ನು ನೋಡಿ ಅಲ್ಲೇ ಕುಸಿದು ಕೂತಳು.

"ನೀರಿಗೆ ಯಾಕಮ್ಮ ಹಾಕಿದ್ರಿ?"

"ನಂಬರ್ ಏರಿದ್ರೆ ಇವಳ ಆರೈಕೆ ಸರಿಯಿಲ್ಲ ಅಂತ ಡಾಕ್ಟರು ಬಿಡಿಸ್ತಾರೆ ಅಂದ್ಕೊಂಡೆ. ಆ ನಂಬರ್ ನೋಡಿಯೇ ಇನ್ಸುಲಿನ್ ಅಳೀತಾಳೆ ಅಂತ ಗೊತ್ತಿರಲಿಲ್ಲ ತಾಯಿ."

"ಗೊತ್ತಾದ ಮೇಲೂ ಅವಳ ಮೇಲೇ ದೂರು ಕೊಟ್ರಿ."

ವೃದ್ಧೆ ಸೆರಗಿನಿಂದ ಮುಖ ಒರೆಸಿಕೊಂಡಳು. ತಾಯಿ ಸತ್ತಾಗ ತಮ್ಮ ಇನ್ನೂ ತೊಟ್ಟಿಲಲ್ಲಿದ್ದ. ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ಇವಳೇ. ಅವಳು ಹೇಳಿದಳು: "ಅವಳನ್ನ ಬಾಯ್ತುಂಬ ಮಗಳೇ ಅಂತಾನೆ. ನನ್ನ ಕರೆಯೋದು ಬಿಸಿನೀರಿಗೆ ಮಾತ್ರ."

ಸಂಜೆ ಆರಕ್ಕೆ ವೃದ್ಧೆಯ ಬಂಧನವಾಯಿತು. ಜೀಪು ಹತ್ತುವಾಗ ಆಸ್ಪತ್ರೆಯಿಂದ ಫೋನ್ ಬಂತು. ಇನ್ಸ್‌ಪೆಕ್ಟರ್ ಕೇಳಿಸಿಕೊಂಡು ಹೇಳಿದರು:

"ಕಣ್ಣು ಬಿಟ್ಟಿದ್ದಾರೆ. ರಕ್ತ ತೆಗೆಯೋಕೆ ಹೋದವರ ಮುಂದೆ ಕೈ ಚಾಚಿ, ಅಕ್ಕ ಬರಲಿ ಅಂದರಂತೆ."

ವೃದ್ಧೆ ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡಳು. ಕಾನ್‌ಸ್ಟೇಬಲ್ ಜೀಪಿನ ಬಾಗಿಲು ಮೆಲ್ಲಗೆ ಹಾಕಿದ.