ಎರಡು ಬಸ್ಸಿನ ದಾರಿ

ಹೊಸ ಕ್ರೆಯಾನ್ ಡಬ್ಬಿ ತೆರೆದಾಗ ಮೇಣದ ವಾಸನೆ ಘಮ್ಮೆಂದಿತು. ಜೆನೀವಳಿಗೆ ಹಳೇ ಶಾಲೆಯ ಒಂದನೇ ಕ್ಲಾಸು ನೆನಪಾಯಿತು. ಅಲ್ಲಿ ಒಂದು ಕಾಫಿ ಡಬ್ಬದ ತುಂಬ ಬರೀ ಮುರಿದ ತುಂಡುಗಳು. ವಾಸನೆ ಮಾತ್ರ ಇದೇ.

“ಮನೆಯಿಂದ ಶಾಲೆಗೆ ಬರೋ ದಾರಿ ಬರೀರಿ,” ಎಂದರು ಮಿಸ್ ಕೊವಾಲ್ಸ್ಕಿ. “ಎಲ್ಲರದ್ದನ್ನೂ ಹೊರಗಿನ ಗೋಡೆಗೆ ಅಂಟಿಸೋಣ.”

ಚಿತ್ರ ಅಂದರೆ ಜೆನೀವಳಿಗೆ ಪ್ರಾಣ. ತಲೆ ಎತ್ತದೆ ಬರೆದಳು. ಮನೆ, ಪಕ್ಕದಲ್ಲೇ ಹಳೇ ಶಾಲೆ, ಚರ್ಚು, ಮೊದಲನೇ ಬಸ್ಸು, ಉದ್ದನೆಯ ಸೇತುವೆ, ಎರಡನೇ ಬಸ್ಸು. ಆಕಾಶಕ್ಕೆ ಕಪ್ಪು ಬಳಿದಳು.

ಪಕ್ಕದ ಕಾನರ್ ಇಣುಕಿದ. “ನಿಮ್ಮನೆ ಏನು ಚಂದ್ರಲೋಕದಲ್ಲಿದ್ಯಾ? ಎರಡೆರಡು ಬಸ್ಸು! ನಾನು ಹಲ್ಲುಜ್ಜುತ್ತಾನೇ ನಡ್ಕೊಂಡು ಬಂದ್ಬಿಡ್ತೀನಿ.”

“ಅದಕ್ಕೇ ನಿನ್ನ ಮೂತಿ ತುಂಬ ಪೇಸ್ಟು!”

ನಗುತ್ತಿದ್ದ ಜೆನೀವ ತಟ್ಟನೆ ಹಾಳೆಯ ಮೇಲೆ ಕೈ ಮುಚ್ಚಿದಳು. ಅಮ್ಮ ನೂರು ಸಲ ಹೇಳಿದ್ದಳಲ್ಲ! “ಯಾರೇ ಕೇಳ್ಲಿ ಚಿನ್ನ, ರೊಲಾಂಡ ಆಂಟಿ ಮನೆ ಅಡ್ರೆಸ್ಸೇ ಹೇಳು. ಸೇತುವೆ ಆಚೆ ಮನೆ ಇರೋರಿಗೆ ಮಾತ್ರ ಆ ಶಾಲೆ. ನಾವು ಈಚೆಯೋರು ಅಂತ ಗೊತ್ತಾದ್ರೆ ತೆಗೆದುಹಾಕ್ತಾರೆ.” ಹೋದ ವರ್ಷ ಅವಳ ಜೊತೆಗೇ ಓದುತ್ತಿದ್ದ, ಅವಳ ಬೀದಿಯ ಮಾರ್ಕೀಸ್‌ನನ್ನು ಹಾಗೇ ಕಳಿಸಿಬಿಟ್ಟಿದ್ದರು. ಈಗ ಈ ಕ್ಲಾಸಿನಲ್ಲಿ ಕಪ್ಪು ಜನಾಂಗದ ಮಗು ಅಂದರೆ ಜೆನೀವ ಒಬ್ಬಳೇ.

ಹಾಳೆ ಮಡಚುವಷ್ಟರಲ್ಲಿ ಮಿಸ್ ಅದನ್ನು ಎತ್ತಿಕೊಂಡರು. ಗಂಟೆ ಹೊಡೆಯಿತು. ಎಲ್ಲರೂ ಆಟಕ್ಕೆ ಓಡಿದರು. ಜೆನೀವ ಕದಲಲಿಲ್ಲ.

“ಆಕಾಶ ಯಾಕೆ ಕಪ್ಪು?”

“ನಾನು ಹೊರಡುವಾಗ ಬೆಳಕೇ ಆಗಿರಲ್ಲ, ಮಿಸ್. ತಿಂಡಿ ತಿನ್ನೋಕೂ ಹೊತ್ತಿರಲ್ಲ.”

“ಈ ಕಟ್ಟಡ? ಕಿಟಕಿಗೆಲ್ಲ ಹಲಗೆ ಹೊಡೆದಿದೆ.”

“ನನ್ನ ಹಳೇ ಶಾಲೆ. ಗಾಜು ಒಡೆದಿರೋದಕ್ಕೆ ಹಲಗೆ ಹೊಡೆದಿದ್ದಾರೆ.”

“ನಿಮ್ಮನೆ ಪಕ್ಕದಲ್ಲೇ ಇದೆಯಲ್ಲ!”

“ಹೂಂ. ಅಲ್ಲಿನ ಟೀಚರ್ ತುಂಬ ಒಳ್ಳೆಯವರು, ಮಿಸ್. ಆದ್ರೆ ಮೂರು ಜನಕ್ಕೆ ಒಂದೇ ಪುಸ್ತಕ. ಹೀಟರ್ ಕೆಟ್ರೆ ಕೋಟು ಹಾಕ್ಕೊಂಡೇ ಲೆಕ್ಕ ಮಾಡ್ತಿದ್ವಿ. ಲೈಬ್ರರಿಗೆ ಯಾವಾಗ್ಲೂ ಬೀಗ.” ಅವಳ ದನಿ ಸಣ್ಣಗಾಯಿತು. “ಇದನ್ನ ಗೋಡೆಗೆ ಹಾಕ್ಬೇಡಿ. ಆಫೀಸಿನವರು ನೋಡ್ತಾರೆ.”

ಮಿಸ್ ಹಾಳೆಯನ್ನು ತಮ್ಮ ಕೈಚೀಲಕ್ಕೆ ಹಾಕಿಕೊಂಡರು.

ಅಂದು ಮನೆಯಲ್ಲಿ ಅಮ್ಮನಿಗೆ ಹೇಳಲು ಜೆನೀವಳಿಗೆ ಬಾಯಿಯೇ ಬರಲಿಲ್ಲ.

ಮರುದಿನ ಗೋಡೆಯ ತುಂಬ ಚಿತ್ರಗಳು. ಅವುಗಳ ಮುಂದೆ ಪ್ರಿನ್ಸಿಪಾಲರು ಕೈಕಟ್ಟಿ ನಿಂತಿದ್ದರು. ಜೆನೀವ ತಲೆ ತಗ್ಗಿಸಿ ದಾಟಿಹೋಗಲು ನೋಡಿದಳು.

“ನಿನ್ನದೆಲ್ಲಿ? ಕಾಣ್ತಿಲ್ವಲ್ಲ?” ಎಂದು ಅವರು ಕೇಳಿದರು.

“ಅವಳದು ನನಗೆ ತುಂಬ ಇಷ್ಟವಾಯ್ತು ಸರ್,” ಎಂದರು ಹಿಂದಿನಿಂದ ಬಂದ ಮಿಸ್. “ನಾನೇ ಇಟ್ಕೊಂಡೆ.”

ಪ್ರಿನ್ಸಿಪಾಲರು ನಕ್ಕು ಮುಂದೆ ಹೋದರು.

ಜೆನೀವ ಬೆಂಚಿನಲ್ಲಿ ಕೂತಳು. ಡೆಸ್ಕಿನ ಮೇಲೆ ಅವಳೊಬ್ಬಳದೇ ಪುಸ್ತಕ. ಸೇತುವೆಯಾಚೆ ಮಾರ್ಕೀಸ್ ಇಷ್ಟು ಹೊತ್ತಿಗೆ ಇನ್ನಿಬ್ಬರ ನಡುವೆ ಬಗ್ಗಿ ಇದೇ ಪಾಠ ಓದುತ್ತಿರಬಹುದು. ಅವನೇನು ತಪ್ಪು ಮಾಡಿದ್ದ? ಅವನಿಗೂ ಇದ್ದದ್ದು ತನ್ನ ಹಾಗೇ ಒಂದು ಮನೆ. ಅವಳು ಪುಸ್ತಕವನ್ನು ಮೆಲ್ಲಗೆ ತೆರೆದಳು.

ಹಾಜರಿ ಕರೆಯುತ್ತಾ ಬಂದ ಮಿಸ್ ಅವಳ ಡೆಸ್ಕಿನ ಬಳಿ ಒಂದು ಗಳಿಗೆ ನಿಂತರು. ಹಾಜರಿ ಪುಸ್ತಕದ ಮರೆಯಿಂದ, ಬೆಳ್ಳಿ ಕಾಗದ ಸುತ್ತಿದ ಬಿಸಿ ಮೊಟ್ಟೆ ಸ್ಯಾಂಡ್‌ವಿಚ್ಚನ್ನು ಅವಳ ಕೈಗಿಟ್ಟು ಮುಂದಿನ ಹೆಸರು ಕೂಗಿದರು.