ನಾಲ್ಕು ಬಣ್ಣದ ಮುಖ

ಈರಲಿಂಗಪ್ಪನ ಜೀಪು ಆವತ್ತು ಖಾಲಿಯಾಗಿಯೇ ಬೆಂಗಳೂರಿಗೆ ಹೊರಟಿತ್ತು. ಹಿಂದೂಪುರದ ಬಸ್‌ಸ್ಟ್ಯಾಂಡಿನ ಹತ್ತಿರ ಅದನ್ನು ತಡೆದು ಆಂಜನಪ್ಪ ಕೈಮುಗಿದ. ಜ್ವರದಲ್ಲಿ ಬೇಯುತ್ತಿದ್ದ ಹೆಂಡತಿ ಆದಿಲಕ್ಷ್ಮಿಯನ್ನು ದೊಡ್ಡಾಸ್ಪತ್ರೆಗೆ ಮುಟ್ಟಿಸಬೇಕಿತ್ತು.

"ಬರೋವಾಗ ಇದ್ರಾಗೇ ಪಟ ತರ್ಬೇಕು ಕಣಪ್ಪ. ನಿನ್ ಹೆಂಡ್ರು ವಾಂತಿ ಗೀಂತಿ ಮಾಡ್ಬುಟ್ರೆ?" ಎಂದು ಕಲ್ಯಾಣದುರ್ಗದ ಎಣ್ಣೆ ಗಿರಣಿ ಯಜಮಾನ ಈರಲಿಂಗಪ್ಪ ಹೊರಟೇಬಿಟ್ಟ. ಸಂಜೆಯ ರೈಲಿಗೆ ಕಾಯುತ್ತಾ, ಸ್ಟೇಷನ್ನಿನ ಬೆಂಚಿನ ಮೇಲೆ, "ಒಂಚೂರು ನೀರು" ಎಂದು ಕೇಳಿ ಆದಿಲಕ್ಷ್ಮಿ ಕಣ್ಣುಮುಚ್ಚಿದಳು.

ಅದು ಎಂಬತ್ಮೂರನೇ ಇಸವಿ. ಎರಡು ವರ್ಷದ ಮೇಲೆ, ಚೌಕಟ್ಟಿಗೆ ಗೆದ್ದಲು ಹಿಡಿದು, ಆವತ್ತು ಜೀಪಿನಲ್ಲಿ ತಂದಿದ್ದ ಅದೇ ಪಟ ಹೊಸ ಕಟ್ಟು ಹಾಕಿಸಲು ಆಂಜನಪ್ಪನ ಅಂಗಡಿಗೆ ಬಂತು. ಅವನು ಮಗ್ಗ ಬಿಟ್ಟು ಸ್ಕ್ರೀನ್ ಪ್ರಿಂಟಿಂಗ್ ಹಿಡಿದ ನೇಕಾರರ ಮಗ. ಲಗ್ನಪತ್ರಿಕೆ ಅಚ್ಚು ಹಾಕುತ್ತಿದ್ದ, ಪಟಗಳಿಗೆ ಕಟ್ಟು ಹಾಕುತ್ತಿದ್ದ. ಯಾವ ಅಚ್ಚಾದರೂ ಮೂಲೆಗೆ ಅರಿಶಿನ ಸೋಕಿಸದೆ ಆದಿಲಕ್ಷ್ಮಿ ಹೊರಗೆ ಕಳಿಸುತ್ತಿರಲಿಲ್ಲ. ಅವಳು ಹೋದ ಮೇಲೆ ಆ ಕೆಲಸ ಅವನ ಹೆಬ್ಬೆರಳಿಗೆ ಬಂದಿತ್ತು.

ಪಟದಲ್ಲಿ ಒಬ್ಬ ಸಿನಿಮಾ ನಟಿಯ ಮುಖ, ನಾಲ್ಕು ಸಲ, ನಾಲ್ಕು ಬಣ್ಣದಲ್ಲಿ. ಸುತ್ತ ಹಳದಿ ಅಂಚು. ಅಮೆರಿಕದ ಹೆಸರಾಂತ ಪಾಪ್ ಆರ್ಟ್ ಅಂತೆ. ಇದು ಅಸಲೂ ಅಲ್ಲ, ಚಿತ್ರಕಾರನ ಅಪ್ಪಣೆ ಪಡೆದು ಅಚ್ಚು ಹಾಕಿದ ಪ್ರತಿ. ಇಂಥ ಹನ್ನೊಂದು ಪ್ರತಿಗಳನ್ನು ಈರಲಿಂಗಪ್ಪ ಮಕ್ಕಳಿಗಿಂತ ಹೆಚ್ಚಾಗಿ ಸಾಕಿದ್ದ. ಥೂ, ನಕಲಿಗೋಸ್ಕರ ಒಂದು ಜೀವ ಹೋಯಿತಲ್ಲ!

ಹಾಗಾದರೆ ಅವನ ಗೋಡೆಗೆ ನಕಲಿನ ನಕಲೇ ಸಾಕು, ಇದಕ್ಕೆ ಬೆಂಕಿ ಇಡುತ್ತೇನೆ ಎಂದು ಆಂಜನಪ್ಪ ತೀರ್ಮಾನಿಸಿದ. ಕಸುಬು ಒಂದೇ. ಐದು ಬಣ್ಣಕ್ಕೆ ಐದು ಸ್ಕ್ರೀನ್ ಬಿಗಿದ. ದಪ್ಪ ಕಾಗದವನ್ನು ಬೆಂಗಳೂರಿನಿಂದ ತಂದ. ಪಟದ ಬೆನ್ನಿನ ಮೇಲಿದ್ದ ಅಪ್ಪಣೆಯ ಮೊಹರನ್ನು ರಬ್ಬರಿನಲ್ಲಿ ಕೊರೆದ. ನೀಲಿ ಮುಖ ಮೂಡಿದಾಗ ಮಾತ್ರ ಸ್ಕ್ರೀನ್ ಕೆಳಗಿಟ್ಟ. ಬೆಂಚಿನ ಮೇಲೆ ಆದಿಲಕ್ಷ್ಮಿಯ ತುಟಿ ಅದೇ ಬಣ್ಣಕ್ಕೆ ತಿರುಗಿತ್ತು. ಹಾಡುಹಗಲಲ್ಲೇ ಬೆನ್ನ ಹಿಂದೆ ಯಾರೋ ನೀರು ಕೇಳಿದಂತಾಗಿ ಮೂರು ಸಲ ತಿರುಗಿ ನೋಡಿದ.

ಹಳೆಯ ಪಟವನ್ನು ಬಣ್ಣ ಕಾಯಿಸುವ ಒಲೆಗೆ ಹಾಕಿ, ಬೂದಿಯನ್ನು ಪರಿಗಿ ಊರಿನ ಹತ್ತಿರದ ಹೊಳೆಗೆ ಬಿಟ್ಟ. ನೀರು ಕೇಳುವ ದನಿ ನಿಂತಿತು. ಎರಡು ವರ್ಷದಲ್ಲಿ ಮೊದಲ ಸಲ ಹೊಟ್ಟೆ ತುಂಬ ಉಂಡ.

ನಕಲನ್ನು ಒಪ್ಪಿಸಲು ಕಲ್ಯಾಣದುರ್ಗದ ಈರಲಿಂಗಪ್ಪನ ಮನೆಗೆ ಹೋದಾಗ ಅವನಿಗೆ ಎಷ್ಟು ಧೈರ್ಯವೆಂದರೆ, ಗಾಜು ಕೂರಿಸುವ ಮೊದಲೇ ಪಟವನ್ನು ಮೇಜಿನ ಮೇಲೆ ಹರಡಿದ. "ಕಣ್ಣಾರೆ ನೋಡ್ಬುಡಿ ಯಜಮಾನ್ರೆ." ಈರಲಿಂಗಪ್ಪ ಮಸೂರ ಹಿಡಿದು ಮೊಹರು ನೋಡಿದ, ಮುಖಗಳನ್ನು ನೋಡಿದ, ತಲೆಯಾಡಿಸಿದ. "ಗೆದ್ಲು ಮುಟ್ಟಿಲ್ಲ, ಪುಣ್ಯ ಕಣಪ್ಪ!" ಆಂಜನಪ್ಪ ಒಳಗೊಳಗೇ ನಕ್ಕ.

ಪಕ್ಕದಲ್ಲಿ ವೀಳ್ಯದೆಲೆ ಮಡಚುತ್ತಿದ್ದ ಈರಲಿಂಗಪ್ಪನ ತಾಯಿ ಬೀರಕ್ಕ ಬಗ್ಗಿದಳು. "ಬಾಗುಂದಪ್ಪಾ, ಚೆಂದೈತೆ, ಹೊಸದ್ರಂಗೈತೆ" ಎಂದು ಹಳದಿ ಅಂಚಿನ ಮೂಲೆಯನ್ನು ಸವರಿದಳು. ಅವಳ ಬೆರಳಲ್ಲಿ ಎಲೆಗೆ ಹಚ್ಚಿ ಉಳಿದ ಹಸಿ ಸುಣ್ಣವಿತ್ತು. ಸವರಿದಲ್ಲಿ, ಹೆಬ್ಬೆರಳಿನಷ್ಟಗಲ, ಹಳದಿ ರಕ್ತಗೆಂಪಾಯಿತು. "ಅಯ್ಯೋ, ಅರಿಸ್ನ ಕಣ್ಲಾ ಇದು! ಅಮೆರಿಕದೋರೂ ಹಚ್ತಾರಾ?" ಈರಲಿಂಗಪ್ಪ ಮಸೂರ ಕೆಳಗಿಟ್ಟ. ಆಂಜನಪ್ಪ ತನ್ನ ಹೆಬ್ಬೆರಳು ನೋಡಿಕೊಂಡ. ಉಗುರಿನ ಸಂದಿಯಲ್ಲಿ ಆದಿಲಕ್ಷ್ಮಿಯ ಅರಿಶಿನ ಇನ್ನೂ ಇತ್ತು.