ಅಪ್ಪನ ಕೈ ನಡುಗಿದ ವಾರ

“ನಿಮ್ಮಪ್ಪ ಮತ್ತೆ ಶುರು ಮಾಡಿದಾರಂತೆ.”

ಶಾಲೆಯ ಮೆಟ್ಟಿಲ ಮೇಲೆ ಕೂತು ಲೇಸ್ ಕಟ್ಟಿಕೊಳ್ಳುತ್ತಿದ್ದ ಇಂಚು ತಲೆ ಎತ್ತಿದಳು. ಅವಳಿಗೆ ಆ ಹೆಸರಿಟ್ಟವನು ಟೈಲರ್ ಅಪ್ಪ. ವರ್ಷಕ್ಕೆ ಒಂದೇ ಇಂಚು ಬೆಳೆಯುತ್ತಾಳೆ ಎಂದು.

“ಏನು ಶುರು?”

“ಕುಡಿಯೋದು,” ಎಂದ ಸೀಟಿ. ಮಾತಿಗೊಮ್ಮೆ ಸಿಳ್ಳೆ ಹಾಕುವ ಅವನನ್ನು ಕ್ಲಾಸಿನಲ್ಲಿ ಎಲ್ಲರೂ ಕರೆಯುವುದೇ ಹಾಗೆ. ಈಗ ಮಾತ್ರ ಸಿಳ್ಳೆ ಬರಲಿಲ್ಲ. “ನಮ್ಮ ಮಾವ ಪ್ಯಾಂಟಿನ ಅಳತೆ ಕೊಡೋಕೆ ಹೋಗಿದ್ರು. ಟೇಪ್ ಹಿಡಿದ ಕೈ ಗಡಗಡ ನಡುಗ್ತಿತ್ತಂತೆ. ಹಳೇ ಚಾಳಿ ಅಂದ್ರು.”

“ನಮ್ಮಪ್ಪಂಗೆ ಹೇಳಿ ನಿಮ್ಮ ಮಾವನ ಬಾಯಿಗೆ ಎರಡು ಹೊಲಿಗೆ ಹಾಕಿಸ್ತೀನಿ, ನೋಡ್ತಿರು!”

ಹಾಗೆ ಅಂದಳೇನೋ ನಿಜ. ಆದರೆ ಅಪ್ಪನ ಕೈ ನಡುಗುವುದನ್ನು ನಾಲ್ಕು ದಿನದಿಂದ ಅವಳೂ ನೋಡಿದ್ದಳು.

ಅಪ್ಪ ಕುಡಿಯುತ್ತಿದ್ದುದು ಅವಳಿಗೆ ನೆನಪಿಲ್ಲ. ಆಗ ಅವಳಿಗೆ ಎರಡೇ ವರ್ಷ. ಕುಡಿದು ಕುಡಿದು ಅಪ್ಪನ ಲಿವರ್ ಹಾಳಾಗಿತ್ತು. ಅಪ್ಪನ ತಂಗಿ, ಅಂದರೆ ಅತ್ತೆ, ತನ್ನ ಲಿವರಿನ ಒಂದು ಭಾಗ ಕೊಟ್ಟಳು. ಆಪರೇಷನ್ ಆಗಿ ಎಂಟು ವರ್ಷ. ಅದು ಇಬ್ಬರ ಹೊಟ್ಟೆಯೊಳಗೂ ಮತ್ತೆ ಬೆಳೆದು ದೊಡ್ಡದಾಗಿದೆ. ಅಪ್ಪ ಮತ್ತೆ ಕುಡಿದರೆ ಅದೂ ಹಾಳಾಗುತ್ತದೆ. ಅತ್ತೆಗೆ ಇನ್ನೊಮ್ಮೆ ಕೊಡಲು ಆಗುವುದಿಲ್ಲ.

ಶಾಲೆ ಬಿಟ್ಟವಳೇ ಅಂಗಡಿಗೆ ಹೋದಳು. ಅಪ್ಪ ಹಿಂದಿನ ಕೋಣೆಯಲ್ಲಿ ಇಸ್ತ್ರಿ ಮಾಡುತ್ತಿದ್ದ. ಮೆಷಿನ್ ಪಕ್ಕದಲ್ಲಿ ಒಂದು ಲೋಟ ಇತ್ತು, ಅರ್ಧ ತುಂಬಿತ್ತು. ಇಂಚು ಅದನ್ನೆತ್ತಿ ಮೂಸಿದಳು. ನೀರು. ಅನುಮಾನ ಹೋಗಲಿಲ್ಲ. ಬಟ್ಟೆ ಚೂರುಗಳ ಚೀಲಕ್ಕೆ ಮೊಣಕೈವರೆಗೂ ಕೈ ಹಾಕಿದಳು.

“ಸಿಕ್ತಾ?”

ಅಪ್ಪ ಬಾಗಿಲಲ್ಲಿ ನಿಂತಿದ್ದ.

“ಬಿಳಿ ದಾರ ಹುಡುಕ್ತಿದ್ದೆ.”

“ದಾರಾನ ಯಾರೂ ಲೋಟದಲ್ಲಿ ಮೂಸಿ ಹುಡುಕಲ್ಲ ಕಣೇ.”

ಇಂಚುವಿಗೆ ಅಳು ಒತ್ತರಿಸಿ ಬಂತು. “ಮತ್ತೆ ನಿನ್ನ ಕೈ ಯಾಕೆ ನಡುಗುತ್ತೆ?”

ಅಪ್ಪ ಇಸ್ತ್ರಿಪೆಟ್ಟಿಗೆಯ ಸ್ವಿಚ್ ಆರಿಸಿ ಬಂದು ಸ್ಟೂಲಿನ ಮೇಲೆ ಕೂತ.

“ಬೆಳಿಗ್ಗೆ ಎಂಟಕ್ಕೆ, ರಾತ್ರಿ ಎಂಟಕ್ಕೆ ಮಾತ್ರೆ ತಗೊಳ್ತೀನಲ್ಲ, ಅದರಿಂದ. ಈ ಲಿವರ್ ನನ್ನದಲ್ಲ ಅಂತ ಮೈಗೆ ಗೊತ್ತು. ಯಾರೋ ಹೊರಗಿನೋರು ನುಗ್ಗಿದಾರೆ ಅಂತ ಜಗಳಕ್ಕೆ ಹೋಗುತ್ತೆ. ‘ಸುಮ್ನಿರಪ್ಪಾ, ಅವಳು ನಮ್ಮ ತಂಗಿ’ ಅಂತ ಮಾತ್ರೆ ಸಮಾಧಾನ ಮಾಡುತ್ತೆ.”

“ಎಂಟು ವರ್ಷ ಆದ್ರೂ ಅದಕ್ಕೆ ಗೊತ್ತಾಗಿಲ್ವಾ?”

“ನಿನಗೆ ಹದಿಮೂರರ ಮಗ್ಗಿ ಬಂತಾ?”

ಇಂಚು ಅಳುವಿನ ಮಧ್ಯೆಯೇ ನಕ್ಕಳು.

“ಬದುಕಿರೋವರೆಗೂ ತಗೋಬೇಕು. ಹೋದ ವಾರ ಡಾಕ್ಟರು ಅದನ್ನ ಜಾಸ್ತಿ ಮಾಡಿದ್ರು. ಕೆಲವರಿಗೆ ಅದರಿಂದ ಕೈ ನಡುಗುತ್ತಂತೆ. ಸೋಮವಾರ ರಕ್ತ ಪರೀಕ್ಷೆ ಇದೆ. ರಕ್ತದಲ್ಲಿ ಮಾತ್ರೆ ಅಂಶ ಹೆಚ್ಚಾಗಿದ್ರೆ ಕಡಿಮೆ ಮಾಡ್ತಾರೆ. ಕುಡಿದಿದ್ರೆ ಅದನ್ನೂ ಆ ರಕ್ತದಲ್ಲೇ ಕಂಡುಹಿಡೀತಾರೆ.”

“ಕುಡಿದಿಲ್ಲ ತಾನೇ?”

“ಇಲ್ಲ.”

“ಯಾವತ್ತೂ ಕುಡಿಯಲ್ಲ ತಾನೇ? ನನ್ನಾಣೆ ಮಾಡು.”

ಅಪ್ಪ ಬೆರಳುಗಳನ್ನು ಮೊಣಕಾಲಿಗೆ ಒತ್ತಿ ಹಿಡಿದ.

“ಆಣೆ ಮಾತ್ರ ಬೇಡಮ್ಮ. ಆವಾಗ ನಿಮ್ಮಮ್ಮನ ತಲೆ ಮುಟ್ಟಿ ಬೇಕಾದಷ್ಟು ಆಣೆ ಮಾಡಿದ್ದೆ. ಆಣೆ ಮಾಡಿದ ಬಾಯಲ್ಲೇ ಕುಡಿದೆ. ಇವತ್ತು ಕುಡಿದಿಲ್ಲ. ನಾಳೆ ಕೇಳು, ನಾಳೇದು ಹೇಳ್ತೀನಿ.”

ಅವಳಿಗೆ ಬೇಕಿದ್ದ ಉತ್ತರ ಅದಲ್ಲ. ಆದರೆ ಅಪ್ಪ ಕಣ್ಣು ತಪ್ಪಿಸಲಿಲ್ಲ.

“ನಾನು ಮೂಸಿದ್ದಕ್ಕೆ ಕೋಪ ಬಂತಾ?”

“ಇಲ್ಲ. ಬಾ, ಮನೆಗೆ ಹೋಗೋಣ.”

ಮನೆ ಸೇರಿದೊಡನೆ ಅಪ್ಪ ಎಂದಿನಂತೆ ಚಪ್ಪಲಿ ಬಿಟ್ಟು ನೇರ ಅಡುಗೆಮನೆಗೆ ಹೋದ. ಒಲೆಯ ಮುಂದಿದ್ದ ಅಮ್ಮನ ಮುಖದ ಹತ್ತಿರವೇ ಮುಖ ತಂದು, “ಏನು ಅಡುಗೆ?” ಎಂದು ಕೇಳಿದ. ಪಾತ್ರೆಯ ಮೇಲೆ ಮುಚ್ಚಳ ಇರಲಿಲ್ಲ, ಏನು ಬೇಯುತ್ತಿದೆಯೆಂದು ಬಾಗಿಲಿಗೇ ಕಾಣುತ್ತಿತ್ತು.

ಅಮ್ಮ ಅವನ ಉಸಿರನ್ನು ಒಮ್ಮೆ ಮೂಸಿದಳು. ಅವಳ ಭುಜಗಳು ಸಡಿಲವಾದವು.

“ಕೈಕಾಲು ತೊಳ್ಕೊಂಡು ಬನ್ನಿ,” ಎಂದಳು.

ದಿನಾ ಹೀಗೇ ನಡೆಯುತ್ತದೆ. ಅಪ್ಪನಿಗೆ ಹಸಿವು ಜಾಸ್ತಿ ಎಂದೇ ಇಂಚು ಇಷ್ಟು ವರ್ಷ ಅಂದುಕೊಂಡಿದ್ದಳು.